ಹುಂಜ ಆರಿಸಿದ ಪುಸ್ತಕ

ತಾಕತ್ತಿದ್ದರೆ ಇದನ್ನು ಸುಳ್ಳೆನ್ನಿ: ಕಂಪ್ಯೂಟರಿನ ಭಾಷೆ ಕಲಿಯಲು ಹೊರಟ ಹುಂಜವೊಂದು ನಮ್ಮೂರಲ್ಲಿತ್ತು. ಅದರ ಗೂಡಿನ ಬಾಗಿಲು ಕಂಪ್ಯೂಟರ್ ಹೇಳಿದರೆ ಮಾತ್ರ ಮುಚ್ಚುತ್ತಿತ್ತು. "ಸಂಜೆ ಮುಂಗುಸಿ ಬರುವಷ್ಟರಲ್ಲಿ ಬಾಗಿಲಿಗೆ ಅಪ್ಪಣೆ ಬರೆದಿರುತ್ತೇನೆ, ನೀವು ಹಾಯಾಗಿರಿ" ಎಂದು ಹೇಂಟೆಗಳಿಗೆ ಮಾತು ಕೊಟ್ಟು ಅದು ಶಾಲೆಯ ಪುಸ್ತಕದ ಕಪಾಟಿಗೆ ಬಂತು.

ಕಪಾಟು ಕಾಯುವ ಹಲ್ಲಿ ತೆಳು ಪುಸ್ತಕವೊಂದನ್ನು ತೋರಿಸಿತು. "ಹುಂಜಣ್ಣ, ಇದರಲ್ಲಿ ಪುಟಕ್ಕೊಂದೇ ಸಾಲು. ಓದಿದ್ದನ್ನು ಆಗಲೇ ಕೀಬೋರ್ಡ್ ಮೇಲೆ ಕುಕ್ಕಿ ನೋಡಬೇಕು."

"ಅದನ್ನ ಮರಿಗಳಿಗೆ ಕೊಡು ಹಲ್ಲಿಯಕ್ಕ! ನನ್ನ ಜುಟ್ಟು ನೋಡಿ ಮಾತಾಡು."

ಹುಂಜ ಒಂದೊಂದೇ ಪುಸ್ತಕದ ಮೇಲೆ ಹತ್ತಿ ಕೂಗಿ ನೋಡಿತು. ಯಾವುದರ ಮೇಲೆ ನಿಂತರೆ ಕೂಗು ಕೆರೆಯಾಚೆಗೂ ಕೇಳಿತೋ, ಆ ದಪ್ಪ ಪುಸ್ತಕವನ್ನೇ ಆರಿಸಿಕೊಂಡಿತು. ದಿನವಿಡೀ ಅದರ ಮೇಲೆ ನಿಂತು ಕೂಗಿ, ಹೊತ್ತಿಳಿದಾಗ ಗೂಡಿಗೆ ಮರಳಿತು.

ಸಂಜೆ ಮುಂಗುಸಿ ಗೂಡಿನ ತೆರೆದೇ ಇದ್ದ ಬಾಗಿಲಲ್ಲಿ ಒಳಗೆ ಬಂತು. ಹೇಂಟೆಗಳು ಹುಣಸೆ ಮರಕ್ಕೆ ಹಾರಿ ಬದುಕಿಕೊಂಡವು. ಹುಂಜವೂ ಹಾರಿತು, ಬಾಲದ ಗರಿಗಳು ಮಾತ್ರ ಮುಂಗುಸಿಯ ಬಾಯಲ್ಲೇ ಉಳಿದವು.

ಬೆಳಿಗ್ಗೆ ಅದು ಬೋಳು ಹಿಂಬದಿಯನ್ನು ಗೋಡೆಗೆ ಒತ್ತಿಕೊಂಡು ಕಪಾಟಿನ ಮುಂದೆ ನಿಂತಿತು.

"ಇವತ್ತೂ ಜುಟ್ಟು ನೋಡಿಯೇ ಕೊಡಲಾ?" ಎಂದಿತು ಹಲ್ಲಿ.

"ಕೊಕ್ಕು ನೋಡಿ ಕೊಡಕ್ಕ."

ಹಲ್ಲಿ ಅದಕ್ಕೆ ಆ ತೆಳು ಪುಸ್ತಕವನ್ನು ಕೊಟ್ಟಿತು.