ಬಾತಕ್ಕನ ಬಿಳಿ ಗರಿ, ಆಚಾರ್ರ ಚಿನ್ನದ ರೇಕು

ಬನ್ರೋ ಬನ್ರೋ, ಹತ್ತಿರ ಕೂತ್ಕೊಳ್ಳಿ. ನಡುವೆ ಯಾರೂ ಎದ್ದು ಓಡೋ ಹಾಗಿಲ್ಲ!

ಒಂದು ಅಕ್ಕಸಾಲಿಗರ ಬೀದಿ. ಬೀದಿ ಹಿಂದೆ ಪುಟ್ಟ ಹೊಂಡ. ಹೊಂಡದ ದಡದಲ್ಲಿ ಬಾತಕ್ಕ. ಬಾತಕ್ಕನ ಹಿಂದೆ ಹಳದಿ ಹಳದಿ ಮರಿಗಳು. ಇವತ್ತು ಮರಿಗಳ ಮೊದಲನೇ ಈಜು.

ಅಷ್ಟರಲ್ಲಿ ಬಂದಳು ಸಿದ್ದವ್ವ. ಅವಳ ಕೆಲಸ ಏನು ಗೊತ್ತಾ? ಬೀದಿ ದೂಳು ಗುಡಿಸೋದು. ದೂಳಲ್ಲಿ ಚೂರುಪಾರು ಚಿನ್ನ ಇರುತ್ತೆ. ಪಾದರಸ ಹಾಕಿ ಅದನ್ನ ಹಿಡಿಯೋದು. ಹಿಡಿದಾಯ್ತು. ಬೋಗುಣಿ ತೊಳೆಯೋಕೆ ಹೊಂಡಕ್ಕೇ ಅದ್ದಿದಳು ನೋಡಿ! ಜಾರಿತು ಪಾದರಸ. ಬೆಳ್ಳಿ ಹಂಗಿರೋ ಗುಂಡು. ಒಂದು ಎರಡಾಯ್ತು. ಎರಡು ನಾಲ್ಕಾಯ್ತು. ಬುಳಕ್! ಕೆಸರಲ್ಲಿ ಮಾಯ.

"ಅಯ್ಯಯ್ಯೋ, ಇಳೀಬೇಡ್ರೋ! ನೀರು ವಿಷ ಆಯ್ತು!" ಅಂದಳು ಸಿದ್ದವ್ವ.

ಮರಿಗಳು ಕುಯ್ಯೋ ಮರ್ರೋ ಅಂದವು. ಬಾತಕ್ಕನಿಗೆ ಅಳು ಬಂತು. ಆಮೇಲೆ ಸಿಟ್ಟು ಬಂತು.

"ಸಿದ್ದವ್ವಾ ಸಿದ್ದವ್ವಾ, ನನ್ನ ನೀರು ಕೊಡು."

"ತಪ್ಪಾಯ್ತು ಬಾತಕ್ಕಾ. ಆದ್ರೆ ಅದು ಕೈಗೆ ಸಿಗಲ್ಲ. ಇದ್ದಿಲು ತಾ, ಸೋಸಿ ಕೊಡ್ತೀನಿ."

ಪಟ ಪಟ ಪಟ, ಹೊರಟಳು ಬಾತಕ್ಕ.

"ಇದ್ದಿಲ ಭೈರಣ್ಣಾ, ಇದ್ದಿಲು ಕೊಡು. ಇದ್ದಿಲು ಬಂದರೆ ನೀರು. ನೀರು ಬಂದರೆ ಈಜು!"

"ಬರೀ ಇದ್ದಿಲು ಸಾಲಲ್ಲ ತಾಯಿ. ಗಂಧಕ ಬೆರೆಸಿ ಕಾಯಿಸಬೇಕು. ಆಗ ಪಾದರಸನ ಗಟ್ಟಿ ಹಿಡಿಯುತ್ತೆ, ಬಿಡಲ್ಲ. ಗಂಧಕ ತಾ, ಇದ್ದಿಲು ಕೊಡ್ತೀನಿ."

ಪಟ ಪಟ ಪಟ, ಹೊರಟಳು ಬಾತಕ್ಕ.

"ಗ್ರಂಥಿಗೆ ಅಂಗಡಿ ರುದ್ರಶೆಟ್ರೇ, ಗಂಧಕ ಕೊಡಿ. ಗಂಧಕ ಬಂದರೆ ಇದ್ದಿಲು. ಇದ್ದಿಲು ಬಂದರೆ ನೀರು. ನೀರು ಬಂದರೆ ಈಜು!"

ಶೆಟ್ರು ಬಂದು ಹೊಂಡದೊಳಕ್ಕೆ ಇಣುಕಿದರು. "ತಿಳಿಯಾಗಿದೆಯಲ್ಲೇ ನೀರು! ಪಾದರಸ ಎಲ್ಲಿ? ಯಾರ ಕಿವಿಗೆ ಹೂ ಇಡ್ತೀಯಾ? ತೆಳ್ಳನೆ ಚಿನ್ನದ ರೇಕು ತಾ, ಅದ್ದಿ ನೋಡೋಣ. ಪಾದರಸ ತಗುಲಿದರೆ ಚಿನ್ನ ಬೆಳ್ಳಗಾಗುತ್ತೆ. ಬೆಳ್ಳಗಾದರೆ ಗಂಧಕ ನಿಂದು."

ಪಟ ಪಟ ಪಟ, ಹೊರಟಳು ಬಾತಕ್ಕ. ಕಾಲು ನೋಯ್ತಿತ್ತು ಪಾಪ.

"ಅಕ್ಕಸಾಲಿ ಮೌನೇಶಾಚಾರ್ರೇ, ರೇಕು ಕೊಡಿ. ರೇಕು ಬಂದರೆ ಗಂಧಕ. ಗಂಧಕ ಬಂದರೆ ಇದ್ದಿಲು. ಇದ್ದಿಲು ಬಂದರೆ ನೀರು. ನೀರು ಬಂದರೆ ಈಜು!"

"ಬಾತುಕೋಳಿಗೆ ಚಿನ್ನ ಬೇರೆ ಕೇಡು!" ಅಂದರು ಆಚಾರ್ರು. "ನೋಡಿಲ್ಲಿ, ಚಿನ್ನದ ಪುಡಿ ಗುಡಿಸೋ ಕುಂಚ ಬೋಳಾಗಿದೆ. ಪುಡಿಯೆಲ್ಲ ಬೀದಿ ಪಾಲು. ಮೆತ್ತನೆ ಗರಿ ತಾ, ರೇಕು ತಗೋ."

ಬಾತಕ್ಕ ಈ ಸಲ ಎಲ್ಲಿಗೂ ಹೊರಡಲಿಲ್ಲ. ಗರಿ ಎಲ್ಲಿದೆ? ಅವಳ ರೆಕ್ಕೆಯಲ್ಲೇ ಇದೆ! ಬೆಳ್ಳನೆ ಗರಿ, ಚೆಂದದ ಗರಿ. ಕಿತ್ತರೆ ನೋವಾಗುತ್ತಾ? ಆಗುತ್ತೆ ಕಣ್ರೋ. ಬಾತಕ್ಕ ಮರಿಗಳನ್ನ ನೋಡಿದಳು. ಕಣ್ಣು ಮುಚ್ಚಿದಳು. ಚಟ್! ಕಿತ್ತೇ ಬಿಟ್ಟಳು.

ಶಹಬ್ಬಾಸ್ ಬಾತಕ್ಕ! ಈಗ ನೋಡಿ ಮಜಾ.

ಗರಿ ಬಂತು, ಆಚಾರ್ರು ರೇಕು ಕೊಟ್ಟರು. ರೇಕು ಬಂತು, ಕೆಸರಿಗೆ ಅದ್ದಿದರು. ಬೆಳ್ಳಗಾಯ್ತು! ಶೆಟ್ರು ನಾಲಿಗೆ ಕಚ್ಚಿಕೊಂಡು ಗಂಧಕ ಕೊಟ್ಟರು. ಗಂಧಕ ಬಂತು, ಭೈರಣ್ಣ ಇದ್ದಿಲು ಕಾಯಿಸಿ ಕೊಟ್ಟ. ಇದ್ದಿಲು ಬಂತು, ಸಿದ್ದವ್ವ ಗಡಿಗೆಗೆ ತುಂಬಿದಳು. ಹೊಂಡದ ನೀರನ್ನೆಲ್ಲ ಮೊಗೆದಿಟ್ಟು, ಕೆಸರನ್ನ ಸಲಿಕೆಯಲ್ಲಿ ಬಳಿದು, ಬೇರೆ ಗಡಿಗೆಗೆ ಹಾಕಿ, ಬಾಯಿ ಬಿಗಿದಳು. ಮೊಗೆದ ನೀರನ್ನ ಇದ್ದಿಲಲ್ಲಿ ಸೋಸಿದಳು. ತೊಟ ತೊಟ ತೊಟ, ಹೊಂಡ ತುಂಬೋವರೆಗೂ ಸೋಸಿದಳು.

"ಇಳೀಲಾ ಅಮ್ಮಾ?" ಅಂದವು ಮರಿಗಳು.

"ತಡೀರಿ!" ಅಂದಳು ಬಾತಕ್ಕ. "ಆಚಾರ್ರೇ, ಇನ್ನೊಂದು ರೇಕು."

ಅದ್ದಿದರು. ಎಲ್ಲರೂ ಉಸಿರು ಬಿಗಿಹಿಡಿದರು. ಶೆಟ್ರೂ ಹಿಡಿದರು.

ಹಳದಿ! ಹಳದಿನೇ! ಮರಿಗಳಷ್ಟೇ ಹಳದಿ!

ಬುಳುಂ ಬುಳುಂ ಬುಳುಂ! ಮರಿಗಳು ನೀರಿಗೆ ಬಿದ್ದವು. ಎಲ್ಲರಿಗಿಂತ ಮುಂದೆ ಬಾತಕ್ಕ, ಒಂದು ಗರಿ ಕಮ್ಮಿ, ಆದರೂ ಎಂಥಾ ಜಂಬ!

ಆ ಬಿಳಿ ಗರಿ? ಆಚಾರ್ರ ಅಂಗಡಿಯಲ್ಲಿದೆ. ಅದನ್ನ ಹಿಡಿದು ಚಿನ್ನದ ಪುಡಿ ಗುಡಿಸೋಳು ಯಾರು? ನಮ್ಮ ಸಿದ್ದವ್ವನೇ! ಒಂದು ಚೂರೂ ಬೀದಿಗೆ ಬೀಳಲ್ಲ. ಇನ್ನು ಪಾದರಸ ಯಾಕೆ ಬೇಕು? ಬೇಡವೇ ಬೇಡ.

ಮರಿಗಳು ಇನ್ನೂ ಹೊಂಡದಲ್ಲೇ ಇದಾವೆ. ಕರೆದರೂ ಮೇಲೆ ಬರ್ತಿಲ್ಲ.