ಗೇಟು ತೆಗೆದವನ ಸಾಕ್ಷಿ

ದಾವಣಗೆರೆಯ ಟಾಕೀಸೊಂದರಲ್ಲಿ ತಿಪ್ಪೇಶಿ ಗೇಟ್‌ಕೀಪರು. ಹೊಸ ಸಿನಿಮಾದ ಮಾರ್ನಿಂಗ್ ಶೋ ಮುಗಿಸಿ ಬಂದವರೆಲ್ಲ ಯೂಟ್ಯೂಬಿನವರ ಮೈಕಿನ ಮುಂದೆ ಬಾಯಿತುಂಬ ಬೈದರು. ಸಿನಿಮಾದ ನಿರ್ಮಾಪಕರೂ ಟಾಕೀಸಿನ ಮಾಲೀಕರೂ ಆದ ಹಾಲೇಶಪ್ಪನವರು ಎದುರಿಗೆ ಸಿಕ್ಕ ತಿಪ್ಪೇಶಿಯ ಮೇಲೆ ಹರಿಹಾಯ್ದರು.

"ಮ್ಯಾಟ್ನಿ ಶುರುವಾಗೋದ್ರೊಳಗೆ ಇದೇ ಮೈಕಲ್ಲಿ ಜನ ಹೊಗಳಬೇಕು. ಇಲ್ಲಾಂದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ!"

ತಿಪ್ಪೇಶಿ ಮೈಕಿನವರನ್ನು ಕರೆದೊಯ್ದು ಮ್ಯಾಟ್ನಿಗೆ ನಿಂತ ಕ್ಯೂ ಮುಂದೆ ನಿಲ್ಲಿಸಿದ. "ಸೂಪರ್! ನೂರು ದಿನ ಗ್ಯಾರಂಟಿ!" ಎಂದು ಕ್ಯೂನವರು ಕೂಗಿದ್ದೇ ಕೂಗಿದ್ದು.

ಹಾಲೇಶಪ್ಪ ಹಿಗ್ಗಿದರು. ಮರುಗಳಿಗೆಗೆ ಮುಖ ಇಳಿಯಿತು.

"ಲೇ, ಇವರಿನ್ನೂ ಸಿನಿಮಾ ನೋಡೇ ಇಲ್ವಲ್ಲೋ!"

"ಅದಕ್ಕೇ ಹೊಗಳ್ತಿದಾರೆ, ಸಾಹುಕಾರ್ರೇ."

"ನೋಡಿ ಮೆಚ್ಚಿದೋರು ಒಬ್ರೂ ಇಲ್ವಾ? ನಾನಿಲ್ವಾ?"

"ನೀವು ಇಂಟರ್ವಲ್‌ಗೇ ಎದ್ದು ಬಂದ್ರಲ್ಲ," ಅಂದ ತಿಪ್ಪೇಶಿ. "ಗೇಟು ತೆಗೆದೋನು ನಾನೇ."