ಸಾಕು ಅಂದ್ರೆ ಇನ್ನೊಂದು

ಒಂದು ಕಾಡಿನಲ್ಲಿ, ಬಸ್ಸು ಹೋಗೋ ರಸ್ತೆಗೆ ಕೂಗಳತೆ ದೂರದಲ್ಲಿ, ಒಂದು ಬಿದಿರು ಮೆಳೆ ಇತ್ತು. ಮೆಳೆ ಒಳಗೆ ಮೊಲಗಳ ಕೇರಿ. ಬಿದಿರು ಎಷ್ಟು ಒತ್ತಾಗಿ ಬೆಳೆದಿತ್ತು ಅಂದ್ರೆ ಒಳಗೆ ಹೋಗೋಕೆ ಇದ್ದಿದ್ದು ಒಂದೇ ಒಂದು ಸಂದು. ಮೊಲ ಸಲೀಸಾಗಿ ನುಸೀತಿತ್ತು. ನರಿ ಬಂದ್ರೆ ಮೂತಿ ಇಟ್ಟು, ಮೂಸಿ, ವಾಪಸ್ ಹೋಗ್ಬೇಕಿತ್ತು. ಇಡೀ ಕೇರಿಯ ಜೀವ ಆ ಸಂದಿನಲ್ಲೇ ಇತ್ತು ಅನ್ನಿ.

ಆ ಕೇರೀಲಿ ನಿಂಗಕ್ಕ ಅಂತ ಒಂದು ತಾಯಿ ಮೊಲ. ಗಂಡ ಇಲ್ಲ. ಒಬ್ಬನೇ ಮಗ. ಹುಟ್ಟಿದಾಗ ಹುರುಳಿಕಾಳಿನಷ್ಟಿದ್ದ ಅಂತ ಹುರುಳಿ ಅಂತಲೇ ಹೆಸರಿಟ್ಟಿದ್ಲು. ಗುಡ್ಡದ ಆಚೆ ಕೋರೆಯಪ್ಪ ಅನ್ನೋ ಕಾಡುಹಂದಿ ಹತ್ರ ಗೆಡ್ಡೆ ಕೀಳೋ ಕೂಲಿಗೆ ಹೋಗ್ತಿದ್ಲು. ಬೆಳಕು ಹರಿಯೋ ಮುಂಚೆ ಹೋದ್ರೆ ಬರೋದು ಹೊತ್ತು ಮುಳುಗಿದ್ಮೇಲೆ. ಎಳೇ ಗರಿಕೆ, ಒಳ್ಳೇ ಸೊಪ್ಪು, ಎಲ್ಲಾ ಆ ಕಡೆಗೇ. ಈ ಕಡೆ ಇದ್ದ ಒಂದು ಬಯಲನ್ನೂ ಕಾಟಿ, ಅಂದ್ರೆ ಕಾಡುಕೋಣಗಳ ಹಿಂಡು ಬಂದು ನಮ್ದು ಅಂತ ಮಲಗಿಬಿಟ್ಟಿತ್ತು. ಅಷ್ಟು ದೊಡ್ಡ ಮೈಯೋರನ್ನ ಎದ್ದೇಳಿ ಅನ್ನೋರು ಯಾರು? ಮರಿಗಳಿಗೆ ಓಡೋಕೆ ಉಳಿದಿದ್ದು ಮೆಳೆ ಮುಂದಿನ ಅಂಗೈಯಗಲ ಜಾಗ.

ಹುರುಳಿ ಮೆತ್ತನೆ ಸ್ವಭಾವದವನು. ತಳ್ಳಿದ್ರೆ ತಳ್ಳಿಸ್ಕೊಳ್ಳೋನು. ಆಟಕ್ಕೆ ಬರಬೇಡ ಅಂದ್ರೆ ಸರಿ ಅಂತ ಪಕ್ಕಕ್ಕೆ ಕೂರೋನು. ಹಾಗೆ ಕೂತವನ ಪಕ್ಕ ಒಂದಿನ ಬಂದು ಕೂತಿದ್ದು ಸಕ್ರೆ ಮಾಮ.

ಸಕ್ರೆ ಮಾಮ ಅಂದ್ರೆ ನರಿ. ಹೆಸರು ಮರಿಗಳು ಇಟ್ಟಿದ್ದು. ರಸ್ತೇಲಿ ಟೂರು ಬಂದೋರು ಎಸೆದು ಹೋಗೋ ಬನ್ನು, ಚಿಪ್ಸು, ಮಿಕ್ಸ್ಚರು, ಅರ್ಧ ಕುಡಿದ ಬಣ್ಣದ ಶರಬತ್ತು, ಇವನ್ನೆಲ್ಲಾ ಬಾಚಿ ತಂದು ಮುತ್ತುಗದ ಎಲೇಲಿ ಬಡಿಸೋನು. ಮೊದಮೊದಲು ಮರಿಗಳು ಹೆದರಿದ್ವು. ನಾನು ಮಾಂಸ ಬಿಟ್ಟು ಎಷ್ಟೋ ಕಾಲ ಆಯ್ತು ಅಂದ. ಹಸಿದ ಹೊಟ್ಟೇಲಿ ಹೆದರಿಕೆ ಎಷ್ಟೊತ್ತು ನಿಲ್ಲುತ್ತೆ? ನಂಬಿದ್ವು. ತಾನು ಮಾತ್ರ ಒಂದು ಚೂರೂ ಬಾಯಿಗೆ ಹಾಕ್ತಿರಲಿಲ್ಲ. ಬಡಿಸೋನೇ ಮುಟ್ಟದ ಊಟಾನ ನಾವ್ಯಾಕೆ ಉಣ್ಬೇಕು ಅಂತ ಒಬ್ಬರಿಗೂ ಹೊಳೀಲಿಲ್ಲ.

ಮಿಕ್ಕ ಮರಿಗಳನ್ನ ಮಧ್ಯಾಹ್ನ ಆದ್ರೆ ಅಜ್ಜಿಯೋ ಚಿಕ್ಕಮ್ಮನೋ ಕೂಗಿ ಕರೆದು ಸೊಪ್ಪು ತಿನ್ನಿಸೋರು. ಹುರುಳೀನ ಕರೆಯೋಕೆ ಯಾರಿದ್ರು? ಅವನು ಅಲ್ಲೇ ಕೂತಿರೋನು.

ಆ ಕೇರೀಲಿ ಒಂದು ಮರ್ಯಾದೆ ಇತ್ತು. ಬಡಿಸುವಾಗ ಎಲೆ ಮುಂದೆ ಕೂತೋರು ಸಾಕು ಅಂದ್ರೆ ಇನ್ನೊಂದು ಸಲ ಹಾಕ್ಬೇಕು. ಸಾಕು ಅಂದ ತಕ್ಷಣ ಕೈ ಹಿಂದೆ ತಗೊಂಡ್ರೆ, ಅಯ್ಯೋ ಜಿಪುಣರು ಅಂತ ಆಡ್ಕೊಳ್ಳೋರು. ಬೇಡ ಅಂತೂ ಅನ್ನಲೇಬಾರದು, ಬಡಿಸಿದೋರಿಗೆ ಅವಮಾನ. ನರಿ ಇದನ್ನ ಚೆನ್ನಾಗಿ ತಿಳ್ಕೊಂಡಿದ್ದ. ಹುರುಳಿ ಸಾಕು ಅಂದ್ರೆ ಇನ್ನೊಂದು ಬನ್ನು. ಸಾಕು ಸಾಕು ಅಂದ್ರೆ ಎರಡು. ಪಾಪ, ಆ ಮಗೂಗೆ ಬೇಡ ಅನ್ನೋ ಮಾತೇ ಬರ್ತಿರಲಿಲ್ಲ.

ಮೈ ತುಂಬಿತು. ನಿಂಗಕ್ಕನಿಗೆ ಖುಷಿಯೋ ಖುಷಿ. ಯಾಕಂದ್ರೆ ಮೊದಲು ಇದೇ ಕೇರಿ, ಕೂಲಿಯವಳ ಮಗ ಹೊಟ್ಟೆಗಿಲ್ಲದೆ ಕಡ್ಡಿ ಆಗಿದ್ದಾನೆ ಅಂತಿತ್ತು. ಈಗ, ಏನ್ ನಿಂಗಕ್ಕ, ಮಗ ದುಂಡಗಾಗಿದ್ದಾನೆ, ದೆಸೆ ತಿರುಗ್ತಾ ಅಂತ ಕೇಳೋರು. ಅವಳು ದೃಷ್ಟಿ ಆಗ್ಬಾರ್ದು ಅಂತ ಇಳೆ ತೆಗೆದ್ಲು.

ಇನ್ನೊಂದು ಸ್ವಲ್ಪ ದಿನಕ್ಕೆ ಅದೇ ಬಾಯಿಗಳು ತಿರುಗಿದ್ವು. ಮೆಳೆ ಮೇಲೆ ಹರಟೆಮಲ್ಲಿ ಅಂತ ಒಂದು ಹಕ್ಕಿ. ಅದರ ಕೊಕ್ಕು ಮುಚ್ಚಿದ್ದನ್ನ ಕಂಡೋರಿಲ್ಲ. ಹುರುಳಿ ಅಂತ ಹೆಸರಿಟ್ಟು ಕುಂಬಳಕಾಯಿ ಬೆಳೆದ್ಲಲ್ಲಪ್ಪ ನಿಂಗಕ್ಕ ಅಂತ ಕೊಂಬೆ ಕೊಂಬೆಗೂ ಹೇಳ್ಕೊಂಡು ಬಂತು. ಮರಿಗಳು ಅದನ್ನೇ ಹಾಡು ಮಾಡ್ಕೊಂಡ್ವು. ಹುರುಳಿ ಅಳ್ತಿರಲಿಲ್ಲ. ಸೀದಾ ಹೋಗಿ ನರಿ ಮುಂದೆ ಕೂರೋನು. ಆಡ್ಕೊಳ್ಳದೆ ಮಾತಾಡಿಸ್ತಿದ್ದಿದ್ದು ಅವನೊಬ್ಬನೇ. ಅವರು ಅಂದಷ್ಟೂ ಇವನು ತಿಂದ. ಇವನು ತಿಂದಷ್ಟೂ ಅವರು ಅಂದ್ರು.

ಒಂದು ಸಂಜೆ ಹುರುಳಿ ಸಂದಿನಲ್ಲಿ ಸಿಕ್ಕಿಹಾಕ್ಕೊಂಡ. ತಲೆ ಒಳಗೆ, ಸೊಂಟ ಹೊರಗೆ. ಕೇರಿಯೆಲ್ಲಾ ನಕ್ಕಿತು. ನಿಂಗಕ್ಕ ಆಗ ತಾನೇ ಕೆಲಸದಿಂದ ಬಂದವಳು, ಹಿಂದಿನಿಂದ ನೂಕಿ ನೂಕಿ ಒಳಗೆ ಹಾಕಿದ್ಲು. ಅವಳು ನಗಲಿಲ್ಲ. ಹಿಂದೆ ನಾನಿದ್ದೆ, ನನ್ನ ಜಾಗದಲ್ಲಿ ಇನ್ಯಾರಾದ್ರೂ ಇದ್ದಿದ್ರೆ ಅಂತ ನೆನೆಸ್ಕೊಂಡು ಅವಳ ಕಿವಿ ತಣ್ಣಗಾಯ್ತು.

ಮಾರನೇ ದಿನ ಹರಟೆಮಲ್ಲಿ ಸುದ್ದಿ ಹುಡುಕ್ಕೊಂಡು ನರಿ ಗವಿ ಮುಂದಿನ ಮರಕ್ಕೆ ಹೋಗಿ ಕೂತಿತು. ಒಳಗೆ ನರಿ ಹೆಂಡತಿ ಬೈತಿದ್ಲು, ದಿನಾ ಊರೋರ ಮಕ್ಕಳಿಗೆ ಬಡಿಸ್ತೀಯ, ನಮ್ಮ ಹೊಟ್ಟೆಗೇನು ಅಂತ.

ನರಿ ಮೆತ್ತಗೆ ಹೇಳಿದ: "ಅವಸರ ಯಾಕೆ? ಆ ಮೊಲದ ಮರಿ ಬಾಯಿ ತೆಗೆದ್ರೆ ಸಾಕು ಸಾಕು ಅನ್ನುತ್ತೆ. ಅದಕ್ಕೇ ಸಾಕ್ತಿದ್ದೀನಿ. ಈಗಾಗಲೇ ಸಂದಿನಲ್ಲಿ ಸಿಕ್ಕೊಳ್ತಿದೆ. ಇನ್ನೊಂದು ಹುಣ್ಣಿಮೆ ತನಕ ಸಾಕಿದ್ರೆ ಸಾಕು."

ಹರಟೆಮಲ್ಲಿ ಗರಿ ನಿಮಿರಿತು. ಆಡ್ಕೊಳ್ಳೋದು ಬೇರೆ, ಮಗು ಜೀವ ಹೋಗೋದು ಬೇರೆ. ಹಾರಿದ್ದೇ ಗುಡ್ಡ ದಾಟಿ ನಿಂಗಕ್ಕನ ಕಿವೀಲಿ ಹಾಕಿತು. ಕೋರೆಯಪ್ಪನೂ ಕೇಳಿಸ್ಕೊಂಡ.

ಆವತ್ತು ನಿಂಗಕ್ಕ ಬೇಗ ಬಂದ್ಲು. ಬೈಲಿಲ್ಲ. ಮಗನ ಪಕ್ಕ ಕೂತ್ಲು.

"ಅವನ ಹತ್ರ ಯಾಕೋ ಹೋಗ್ತೀಯ?"

"ಅವನು ನನ್ನನ್ನ ಹುರುಳಿ ಅಂತ ಕರೀತಾನೆ ಅವ್ವ," ಅಂದ ಮಗ. "ಮಿಕ್ಕೋರೆಲ್ಲಾ ಕುಂಬಳಕಾಯಿ ಅಂತಾರೆ. ನೀನು ಬರೋ ಹೊತ್ತಿಗೆ ನಿದ್ದೆ ಬಂದಿರುತ್ತೆ."

ನಿಂಗಕ್ಕ ಮಗನನ್ನ ಹತ್ರ ಎಳ್ಕೊಂಡು, ನರಿ ಗವೀಲಿ ಆಡಿದ ಮಾತು ತಿಳಿಸಿದ್ಲು. ಆಮೇಲೆ, ನಾಳೆಯಿಂದ ನನ್ನ ಜೊತೆ ಗುಡ್ಡದ ಆಚೆ ಬಾ ಅಂದ್ಲು. ಕೋರೆಯಪ್ಪನೂ ಕರ್ಕೊಂಡು ಬಾರಮ್ಮ, ಕೆದಕೋಕೆ ಮಣ್ಣಿದೆ, ಮೇಯೋಕೆ ಗರಿಕೆ ಇದೆ ಅಂದಿದ್ದ.

ಹುರುಳಿ ಹೋದ. ಮೊದಲು ಏದುಸಿರು ಬಿಟ್ಕೊಂಡು, ಹತ್ತು ಕಡೆ ಕೂತ್ಕೊಂಡು. ಆಮೇಲಾಮೇಲೆ ಅವ್ವನಿಗಿಂತ ಮುಂದೆ. ಕೋರೆಯಪ್ಪ ನಗ್ತಾ, ನನ್ನ ಹೊಟ್ಟೆ ನೋಡೋ, ಇದಿಟ್ಕೊಂಡೇ ಇಡೀ ಗುಡ್ಡ ಅಗೆದಿಲ್ವಾ ಅನ್ನೋನು. ಹುರುಳಿಗೆ ಆ ಮಾತು ಗರಿಕೆಗಿಂತ ರುಚಿ ಅನ್ನಿಸ್ತು.

ನರಿಗೆ ಇದು ಹಿಡಿಸಲಿಲ್ಲ. ಒಂದಿನ ಮೆಳೆ ಹತ್ರ ಬಂದು, ಮಗು ಸೊರಗಿದ್ದಾನಲ್ಲ ನಿಂಗಕ್ಕ, ನನ್ನ ಹತ್ರ ಕಳಿಸಬಾರದಾ ಅಂತ ರಾಗ ಎಳೆದ. ನಿಂಗಕ್ಕ ಜಾಣೆ. ಸಂದಿನ ಒಳಗಿಂದಲೇ, ಇಷ್ಟು ದಿನ ನನ್ನ ಮಗನಿಗೆ ಉಣ್ಣಿಸಿದ್ದೀರಿ, ಹುಣ್ಣಿಮೆಗೆ ಒಂದು ಊಟ ಹಾಕಿಸ್ತೀವಿ, ಬರಲೇಬೇಕು ಅಂದ್ಲು. ನರಿ ಮನಸ್ಸಲ್ಲೇ ನಕ್ಕ. ಊಟವೂ ಆಯ್ತು, ಊಟ ಆದ್ಮೇಲೆ ಊಟವೂ ಆಯ್ತು.

ಹುಣ್ಣಿಮೆ ದಿನ ಮೆಳೆ ಮುಂದೆ ಎಲೆ ಹಾಕಿದ್ರು. ನರಿ ಪಕ್ಕದ ಎಲೆಗೆ ಕೋರೆಯಪ್ಪ ಕೋರೆ ಮಸೀತಾ ಕೂತ. ಹಾಗಾಗಿ ನರಿ ಬಾಲ ಮಡಚಿ ಗಂಭೀರವಾಗಿ ಕೂತ. ಬಡಿಸೋಕೆ ನಿಂತಿದ್ದು ಹುರುಳಿ. ಸುಟ್ಟ ಗೆಣಸು, ಜೇನುತುಪ್ಪ, ಅದರ ಮೇಲೆ ರಸ್ತೆಯಿಂದ ತಂದ ಬನ್ನು, ಮಿಕ್ಸ್ಚರು, ಶರಬತ್ತು. ನರಿಗೆ ಅವನ್ನೆಲ್ಲಾ ತಿಂದು ಅಭ್ಯಾಸ ಇಲ್ಲ.

"ಸಾಕು ಮರಿ."

ಹುರುಳಿ ಇನ್ನೊಂದು ಬನ್ನು ಇಟ್ಟ.

"ಸಾಕು, ಸಾಕು."

ಎರಡಿಟ್ಟ. ಬೇಡ ಅಂದ್ರೆ ಬಡಿಸಿದೋರಿಗೆ ಅವಮಾನ ಅಂತ ನೀವೇ ಹೇಳ್ತಿದ್ರಿ ಮಾಮ ಅಂತ ನೆನಪು ಮಾಡಿದ. ಕೋರೆಯಪ್ಪ ಓರೆಗಣ್ಣಲ್ಲಿ ನೋಡಿದ. ನರಿ ಬನ್ನನ್ನ ಶರಬತ್ತಲ್ಲಿ ಅದ್ದಿ ನುಂಗಿದ. ಹೊಟ್ಟೆ ತಮಟೆ ಆಯ್ತು.

ಊಟ ಮುಗಿದು ಕೋರೆಯಪ್ಪ ಕೈ ತೊಳೆಯೋಕೆ ಹಳ್ಳದ ಕಡೆ ತಿರುಗಿದ. ಆ ಸಂದರ್ಭಕ್ಕೇ ಕಾಯ್ತಿದ್ದ ನರಿ ಹುರುಳಿ ಮೇಲೆ ಹಾರಿದ. ಹಾರಿದ ಅನ್ನೋದು ನನ್ನ ಬಾಯಿಗೆ ಬಂದ ಮಾತು, ನಿಜ ಹೇಳ್ಬೇಕಂದ್ರೆ ಉರುಳಿದ. ಹುರುಳಿ ಮೆಳೆ ಕಡೆ ಓಡಿದ. ಅವನೇನು ಬಾಣದ ಹಾಗೆ ಓಡಲಿಲ್ಲ, ಇನ್ನೂ ದುಂಡಗೇ ಇದ್ದ. ಆದ್ರೆ ಗುಡ್ಡ ಹತ್ತಿದ ಕಾಲು. ಸಂದಿಗೆ ತಲೆ ಹಾಕಿದ, ಭುಜ ಹೋಯ್ತು, ಸೊಂಟ ಹತ್ರ ಬಂದಾಗ ಕೇರಿಯೆಲ್ಲಾ ಉಸಿರು ಹಿಡಿದು ನಿಂತಿತು. ಸೊಂಟವೂ ಹೋಯ್ತು.

ಹಿಂದೇನೇ ನರಿ ನುಗ್ಗಿದ. ಮೊದಲೆಲ್ಲಾ ಮೂತಿ ಇಟ್ಟು ವಾಪಸ್ ಹೋಗ್ತಿದ್ದವನು ಈ ಸಲ ಕೋಪದಲ್ಲಿ ಎದೆವರೆಗೂ ತುರುಕಿದ. ಸಿಕ್ಕಿಕೊಂಡ. ಮುಂದೆ ಹೋಗೋಕೆ ಹೊಟ್ಟೆ ಬಿಡಲ್ಲ, ಹಿಂದೆ ಬರೋಕೆ ಬಿದಿರು ಬಿಡಲ್ಲ. ಹಿಂದಿನಿಂದ ಕೋರೆಯಪ್ಪ ಬಂದು ಕೋರೇಲಿ ಒಂದು ತಿವಿದ.

"ಸಾಕು," ಅಂತ ನರಿ ಕೂಗಿದ. "ಸಾಕು ಸಾಕು."

ಕೋರೆಯಪ್ಪ ಕೇರಿಯವರ ಕಡೆ ನೋಡಿದ. "ಸಾಕು ಅಂತಿದ್ದಾನಲ್ರಪ್ಪ. ಯಾರು ಸಾಕ್ತೀರಿ ಇವನನ್ನ?"

ಕೇರಿಯೋರು ನಕ್ಕು ನಕ್ಕು ಬಿದ್ರು. ಹುರುಳಿ ಮಾತ್ರ ನರಿ ಮೂತಿ ಎದುರಿಗೆ ಬಂದು ನಿಂತ. ಕೈಯಲ್ಲಿ ಉಳಿದಿದ್ದ ಒಂದು ಬನ್ನಿತ್ತು. ಅದನ್ನ ನರಿ ಬಾಯಿ ಹತ್ರ ಹಿಡಿದ.

ನರಿ ಕಣ್ಣಲ್ಲಿ ನೀರು. "ಬೇಡ ಕಣೋ. ಬೇಡ."

"ಸದ್ಯ, ಅಂದ್ರಲ್ಲ ಮಾಮ," ಅಂದ ಹುರುಳಿ. "ನಂಗೂ ಆ ಮಾತೊಂದು ಬರ್ತಿರಲಿಲ್ಲ." ಬನ್ನನ್ನ ಆಚೆ ಎಸೆದ.

ಕೋರೆಯಪ್ಪ ಬಾಲ ಕಚ್ಚಿ ಎಳೆದ. ನರಿ ಆಚೆ ಬಂದ, ಬಾಲದ ಕುಚ್ಚು ಹಂದಿ ಬಾಯಲ್ಲೇ ಉಳೀತು. ರಸ್ತೆ ದಾಟಿ ಹೆಂಡತಿ ಸಮೇತ ಓಡಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಆಮೇಲೆ ಕೋರೆಯಪ್ಪ ಹೋಗಿ ಕಾಟಿಗಳ ಹತ್ರ ಮಾತಾಡಿ ಬಯಲಲ್ಲಿ ಅರ್ಧ ಬಿಡಿಸಿಕೊಟ್ಟ. ನಿಂಗಕ್ಕ ಒಬ್ಬಳೇ ಕೆಲಸಕ್ಕೆ ಹೋದಾಗ ಪಕ್ಕದ ಗುಡಿಸಲ ಅಜ್ಜಿ ತನ್ನ ಮೊಮ್ಮಕ್ಕಳ ಜೊತೆ ಹುರುಳೀನೂ ಊಟಕ್ಕೆ ಕೂಗೋಕೆ ಶುರು ಮಾಡಿದ್ಲು. ಹರಟೆಮಲ್ಲಿ ಹುರುಳೀನ ಹೆಸರು ಹಿಡಿದೇ ಕರೀತು, ಅಡ್ಡಹೆಸರು ಕೂಗಿದ ಮರಿಗಳ ತಲೆ ಕುಕ್ಕಿತು. ಹುರುಳಿ ಕಡ್ಡಿ ಆಗಲಿಲ್ಲ. ದುಂಡಗೇ, ಗಟ್ಟಿಯಾಗಿ, ಮುಟ್ಟಾಟದಲ್ಲಿ ಎಲ್ಲರನ್ನೂ ಮುಟ್ಕೊಂಡು ಬೆಳೆದ. ಆ ಕೇರೀಲಿ ಈಗಲೂ ಎಲೆ ಮುಂದೆ ಕೂತೋರು ಸಾಕು ಅಂದ್ರೆ ಬಡಿಸೋರು ಕೈ ಹಿಂದಕ್ಕೆ ತಗೊಳ್ತಾರೆ. ಯಾರೂ ಜಿಪುಣರು ಅನ್ನಲ್ಲ.

ನೀತಿ: ಮಗು ಸಾಕು ಅಂದ್ರೆ ಸಾಕು ಅಂತಲೇ ಕೇಳಿಸ್ಕೊಳ್ಳಿ. ದಪ್ಪ ಅಂತ ಆಡ್ಕೊಳ್ಳೋ ಬಾಯಿಗಿಂತ, ಪಕ್ಕದಲ್ಲಿ ಕೂತು ಹೆಸರು ಹಿಡಿದು ಕರೆಯೋ ಬಾಯಿ ಮೇಲು. ಅದು ನಮ್ಮ ಮನೇಲಿ ಸಿಗದಿದ್ರೆ ಮಗು ನರಿ ಹತ್ರ ಹೋಗುತ್ತೆ.